ನೂರು ಚೀಟಿ, ಒಂದು ಕುರ್ಚಿ

ಎಲ್ಲಕ್ಕೂ ಕಾರಣ ಒಂದು ಕುರ್ಚಿ. ಎರಡು ಕೈ, ಬೆನ್ನಿಗೆ ಮೆತ್ತೆ, ಕೆಳಗೆ ಐದು ಚಕ್ರ. ಔಷಧ ಕಾರ್ಖಾನೆಗೆ ಚೀನಾದಿಂದ ಬಂದಿಳಿದ ಹೊಸ ಮಾತ್ರೆ ಯಂತ್ರದ ಮುಂದೆ ಅದನ್ನು ಇಟ್ಟಿದ್ದರು. ಅದರ ಪ್ಲಾಸ್ಟಿಕ್ ಹೊದಿಕೆಯನ್ನು ಇನ್ನೂ ಯಾರೂ ಬಿಚ್ಚಿರಲಿಲ್ಲ.

ಅದೇ ಕಾರ್ಖಾನೆಯ ತೂಕದ ಕೋಣೆಯಲ್ಲಿ ಹನ್ನೊಂದು ವರ್ಷದಿಂದ ನಿಂತೇ ಕೆಲಸ ಮಾಡುತ್ತಿದ್ದವನೊಬ್ಬನಿದ್ದ. ತಕ್ಕಡಿಗಳು ಸರಿಯಾಗಿ ತೂಗುತ್ತಿವೆಯೇ ಎಂದು ನೋಡುವುದು ಅವನ ಕೆಲಸ. ತಕ್ಕಡಿಗಳನ್ನಿಟ್ಟ ಕಟ್ಟೆ ಎತ್ತರ. ಕೂತರೆ ಕಣ್ಣು ಮಟ್ಟಕ್ಕೆ ಬರುವುದಿಲ್ಲವೆಂದು ಆ ಕೋಣೆಗೆ ಕುರ್ಚಿಯನ್ನೇ ಕೊಟ್ಟಿರಲಿಲ್ಲ. ಮನೆಯಲ್ಲಿ ಸಾರಿಗೆ ಉಪ್ಪು ಹಾಕುವಾಗಲೂ ಚಮಚವನ್ನು ಕಣ್ಣಿನ ನೇರಕ್ಕೆ ಹಿಡಿದು ನೋಡುತ್ತಿದ್ದನಾದ್ದರಿಂದ ಊರೆಲ್ಲ ಅವನನ್ನು ಮಿಲಿಗ್ರಾಂ ಎಂದು ಕರೆಯುತ್ತಿತ್ತು. ಸಂಜೆ ಮನೆಗೆ ಬಂದರೆ ಅವನ ಮಂಡಿಗಳು ಹಳೇ ಬಾಗಿಲಿನ ಕೀಲಿನಂತೆ ಕಿರುಗುಟ್ಟುತ್ತಿದ್ದವು.

ಹೊಸ ಯಂತ್ರದ ಗುಂಡಿಗಳ ಮೇಲೆಲ್ಲ ಚೀನೀ ಅಕ್ಷರಗಳು. ಯಂತ್ರದ ಕಂಪನಿ ಹೇಳಿದ ನೂರು ಅಕ್ಷರಗಳನ್ನು ಮೂವತ್ತು ದಿನದಲ್ಲಿ ಗುರುತಿಸಲು ಕಲಿತವರಿಗೆ ಯಂತ್ರದ ಉಸ್ತುವಾರಿ, ಕುರ್ಚಿಸಮೇತ, ಎಂದು ಮ್ಯಾನೇಜರ್ ಸಾರಿದರು. ಜೇಡವೊಂದು ಮಸಿಯಲ್ಲಿ ಮಿಂದು ಓಡಾಡಿದಂತಿದ್ದ ಆ ಬರವಣಿಗೆ ನೋಡಿ ಉಳಿದವರೆಲ್ಲ ಜಾರಿಕೊಂಡರು. ಹೆಸರು ಕೊಟ್ಟವನು ಮಿಲಿಗ್ರಾಂ ಒಬ್ಬನೇ.

ಕೊಟ್ಟವನು ಸುಮ್ಮನೆ ಕಲಿಯಬಹುದಿತ್ತು. ಆದರೆ ಹೇಗೆ ಕಲಿಯಬೇಕೆಂದು ಗೊತ್ತಿಲ್ಲದೆ ಕಲಿಯುವುದು ತಕ್ಕಡಿಯನ್ನು ಸೊನ್ನೆಗೆ ತರದೆ ತೂಗಿದಂತೆ ಎಂಬುದು ಅವನ ನಂಬಿಕೆ. ಮೂರು ಪಠ್ಯಪುಸ್ತಕ ತಂದ. ಕೆಂಪು ಪುಸ್ತಕ, ಕಡಿಮೆ ಗೆರೆಗಳ ಅಕ್ಷರದಿಂದ ಶುರುಮಾಡು ಎಂದಿತು. ನೀಲಿ ಪುಸ್ತಕ, ಹೆಚ್ಚು ಬಳಕೆಯಲ್ಲಿರುವುದನ್ನು ಮೊದಲು ಕಲಿ ಎಂದಿತು. ಹಳದಿ ಪುಸ್ತಕ ಚಿತ್ರಗಳಿಂದ ತುಂಬಿತ್ತು: ಒಂದು ಮರ ಬರೆದರೆ ಮರ, ಎರಡು ಬರೆದರೆ ತೋಪು, ಮೂರು ಬರೆದರೆ ಕಾಡು. ಮನುಷ್ಯನೊಬ್ಬ ಮರದ ಪಕ್ಕ ನಿಂತರೆ ಅದು ವಿಶ್ರಾಂತಿ. ಈ ಕೊನೆಯದು ಮಿಲಿಗ್ರಾಂನ ಮಂಡಿಗಳಿಗೆ ನೇರವಾಗಿ ಅರ್ಥವಾಯಿತು. ಸಾವಿರಾರು ವರ್ಷದ ಹಿಂದೆ ಯಾರಿಗೋ ತನ್ನ ಹಾಗೆಯೇ ಕಾಲು ನೋಯುತ್ತಿತ್ತೆಂದು ಅವನಿಗೆ ಖಾತ್ರಿಯಾಯಿತು. ಪುಟ ತಿರುವುತ್ತ ರಾತ್ರಿಯೂಟ ಮರೆತ.

ಆದರೆ ಮೂರೂ ಪುಸ್ತಕಗಳಲ್ಲಿ ಯಾವುದು ಸರಿ? ಗೆರೆಗಳಿಗಿಷ್ಟು, ಬಳಕೆಗಿಷ್ಟು, ಚಿತ್ರಕ್ಕಿಷ್ಟು ಎಂದು ಅಂಕ ಹಾಕಿ, ಕೂಡಿ ಕಳೆದು, ನೂರು ಅಕ್ಷರಗಳಿಗೆ ಹೊಸದೊಂದು ಕ್ರಮ ಕಟ್ಟಿದ. ಐದು ದಿನ ಕಳೆದ ಮೇಲೆ ಅದರಲ್ಲಿ ಲೋಪ ಕಂಡಿತು. ಇನ್ನೊಂದು ಕ್ರಮ ಕಟ್ಟಿದ.

ಅಕ್ಷರ ಒಂದು ಕಡೆ, ಅರ್ಥ ಇನ್ನೊಂದು ಕಡೆ ಇರುವಂತೆ ನೂರು ಚೀಟಿ ಬರೆಯುವ ಕೆಲಸ ಕೆಳಗಿನ ಮನೆಯ ಲೇಬಲ್ ಅಕ್ಕನಿಗೆ ಬಿತ್ತು. ಆಕೆ ಅದೇ ಕಾರ್ಖಾನೆಯ ಪ್ಯಾಕಿಂಗ್ ವಿಭಾಗದಲ್ಲಿ ಪೆಟ್ಟಿಗೆಗಳ ಮೇಲೆ ಹೆಸರು ಬರೆಯುವವಳು. ಕೈಬರಹ ಅಚ್ಚು ಹಾಕಿದಂತೆ. ಕ್ರಮ ಬದಲಾದಾಗಲೆಲ್ಲ ಚೀಟಿಯ ಅಳತೆ, ಶಾಯಿ, ಮೂಲೆಯ ಸಂಖ್ಯೆ ಎಲ್ಲ ಬದಲಾಗುತ್ತಿದ್ದವು.

“ಅಣ್ಣ, ಇದು ಆರನೇ ಸಲ” ಎಂದಳು ಆಕೆ, ಇಪ್ಪತ್ತೆಂಟನೆಯ ದಿನ. “ನೀವು ಯಾವಾಗ ಕಲೀತೀರಿ?”

“ಯೋಜನೆ ಸರಿಹೋದ್ರೆ ಕಲಿಯೋದು ತಾನಾಗೇ ಆಗತ್ತೆ ಅಕ್ಕ. ಐದು ಸೆಂಟಿಮೀಟರ್, ಮರೀಬೇಡಿ.”

ಹೀಗೆ ಮೂವತ್ತನೆಯ ದಿನ ಬಂತು. ಕಾರ್ಖಾನೆಗೆ ವಾರದ ರಜೆ. ಪರೀಕ್ಷೆಗೆಂದೇ ಮ್ಯಾನೇಜರ್ ಸಂಜೆ ನಾಲ್ಕಕ್ಕೆ ಬರುವವರಿದ್ದರು. ಮಿಲಿಗ್ರಾಂಗೆ ಅಲ್ಲಿಯವರೆಗೆ ಖಚಿತವಾಗಿ ಬರುತ್ತಿದ್ದದ್ದು ಒಂದು, ಎರಡು, ಮೂರು ಮತ್ತು ವಿಶ್ರಾಂತಿ. ಮೊದಲ ಮೂರು ಬರೀ ಅಡ್ಡಗೆರೆ, ಅದು ಯಾರಿಗೂ ಬರುತ್ತದೆ.

ಅವನು ಹೆದರಲಿಲ್ಲ. ಊಟಕ್ಕೂ ದಾರಿಗೂ ಎರಡು ಗಂಟೆ ಬಿಟ್ಟರೂ ಬೆಳಿಗ್ಗೆ ಏಳರಿಂದ ಮಧ್ಯಾಹ್ನ ಎರಡರವರೆಗೆ ನಾನೂರ ಇಪ್ಪತ್ತು ನಿಮಿಷ. ಅಕ್ಷರವೊಂದಕ್ಕೆ ನಾಲ್ಕು ನಿಮಿಷ ಹನ್ನೆರಡು ಸೆಕೆಂಡು, ಧಾರಾಳವಾಯಿತು. ಕಂಡ ಜಾಗದ ಜೊತೆ ಸೇರಿಸಿದರೆ ನೆನಪು ಗಟ್ಟಿಯಾಗುತ್ತದೆಂದು ನೀಲಿ ಪುಸ್ತಕದಲ್ಲಿತ್ತು. ಅಂಟಿನ ಬಾಟಲಿ ಹಿಡಿದು ಚೀಟಿಗಳನ್ನು ಮನೆಯ ತುಂಬ ಅಂಟಿಸತೊಡಗಿದ. ಮರ ಬಾಗಿಲಿಗೆ, ನೀರು ನಲ್ಲಿಯ ಮೇಲೆ, ಬಾಯಿ ಕನ್ನಡಿಗೆ. ಆದರೆ ‘ಇಲ್ಲ’ ಎಂಬುದನ್ನು ಎಲ್ಲಿ ಅಂಟಿಸುವುದು? ಅದನ್ನು ಹಿಡಿದುಕೊಂಡು ಮೂರು ಕೋಣೆ ಸುತ್ತಿದ.

“ಗ್ಯಾಸ್ ಸಿಲಿಂಡರಿಗೆ ಅಂಟಿಸ್ರೀ” ಎಂದಳು ಹೆಂಡತಿ, ಕಸಪೊರಕೆ ಹಿಡಿದು. “ನಿನ್ನೆಯಿಂದ ಹೇಳ್ತಾನೇ ಇದೀನಿ.”

ನೂರೂ ಅಂಟಿಸಿ ಮುಗಿದಾಗ ಒಂಬತ್ತು ಗಂಟೆ. ಇನ್ನು ಅಕ್ಷರಕ್ಕೆ ಸರಿಯಾಗಿ ಮೂರು ನಿಮಿಷ. ಭಾಗಾಕಾರ ಶೇಷವಿಲ್ಲದೆ ಬಂದದ್ದು ಅವನಿಗೆ ಶುಭಸೂಚನೆಯಾಗಿ ಕಂಡಿತು.

ಅಷ್ಟರಲ್ಲಿ ಮಹಡಿಯ ಡ್ರಾಯಿಂಗ್ ಮೇಷ್ಟ್ರು ಪೇಪರ್ ಕೇಳಲು ಇಳಿದು ಬಂದರು. ನಿವೃತ್ತರಾಗಿ ಆರು ವರ್ಷವಾದರೂ ತಿದ್ದುವ ಕೈ ನಿವೃತ್ತವಾಗಿರಲಿಲ್ಲ. ಬಾಗಿಲಿನ ಮೇಲಿನ ಮರವನ್ನು ಕನ್ನಡಕ ಏರಿಸಿ ನೋಡಿ ನಿಟ್ಟುಸಿರಿಟ್ಟರು.

“ಏನಪ್ಪಾ, ಮರ ಅಂತೀಯ, ಒಂದು ಎಲೆ ಬೇಡವೇನೋ ಇದಕ್ಕೆ?”

ಬೇಡವೆನ್ನಲು ಮಿಲಿಗ್ರಾಂಗೆ ನಾಲಿಗೆ ಏಳಲಿಲ್ಲ; ಚಿಕ್ಕಂದಿನಲ್ಲಿ ಅದೇ ಮೇಷ್ಟ್ರ ಕೈಯಲ್ಲಿ ಕಿವಿ ಹಿಂಡಿಸಿಕೊಂಡವನು ಅವನು. ಮೇಷ್ಟ್ರು ಕುಂಚ ತರಿಸಿಕೊಂಡರು. ಮರಕ್ಕೆ ಎಲೆ ಬಂತು. ಬೆಟ್ಟದ ಹಿಂದೆ ಸೂರ್ಯ ಹುಟ್ಟಿದ. ನೀರಿನಲ್ಲಿ ಎರಡು ಬಾತುಕೋಳಿ ತೇಲಿದವು. ಈಗ ನೋಡು ಹೇಗೆ ನೆನಪಿರತ್ತೆ ಎಂದು ಬೆನ್ನು ತಟ್ಟಿ ಅವರು ಮಹಡಿ ಹತ್ತುವಾಗ ಹನ್ನೆರಡು ಹೊಡೆದಿತ್ತು. ಅಕ್ಷರಕ್ಕೆ ಇನ್ನು ಒಂದು ನಿಮಿಷ ಹನ್ನೆರಡು ಸೆಕೆಂಡು.

ಕಡೆಗೂ ಅವನು ಕಲಿಯಲು ನಿಂತ. ಅಲ್ಮೆರಾದ ಮೇಲಿನ ಅಕ್ಷರವೊಂದನ್ನು ದಿಟ್ಟಿಸಿದ. ನೆನಪಾಗಲಿಲ್ಲ. ಅರ್ಥ ನೋಡೋಣವೆಂದು ಕೈ ಚಾಚಿದವನು ಹಾಗೆಯೇ ಕಲ್ಲಾದ. ಅರ್ಥ ಚೀಟಿಯ ಹಿಂಭಾಗದಲ್ಲಿತ್ತು. ಹಿಂಭಾಗ ಅಲ್ಮೆರಾಕ್ಕೆ ಅಂಟಿತ್ತು. ಇಪ್ಪತ್ತೊಂಬತ್ತು ದಿನದ ಯೋಜನೆಯಲ್ಲಿ, ಚೀಟಿಗೆ ಎರಡು ಮುಖವಿದ್ದು ಗೋಡೆಗೆ ಒಂದೇ ಮುಖವಿದೆ ಎಂಬುದು ಎಲ್ಲೂ ನಮೂದಾಗಿರಲಿಲ್ಲ. ಉಗುರು ಹಾಕಿ ಎಬ್ಬಿಸಿ ನೋಡಿದ. ಅಕ್ಷರ ಕೈಗೆ ಬಂತು, ಅರ್ಥ ಅಲ್ಮೆರಾದಲ್ಲೇ ಉಳಿಯಿತು.

“ಅಂಟು ಒಳ್ಳೇದೇ ತಂದಿದೀರಿ” ಎಂದು ಹೆಂಡತಿ ಸಮಾಧಾನ ಹೇಳಿದಳು.

ಪುಸ್ತಕದಲ್ಲಿ ಒಂದೊಂದನ್ನೇ ಹುಡುಕಲು ಹೊತ್ತಿಲ್ಲ. ಲೇಬಲ್ ಅಕ್ಕನನ್ನು ಕೂಗಿದ. ಆಕೆ ಒದ್ದೆ ಕೈ ಸೆರಗಿಗೆ ಒರೆಸುತ್ತ ಬಂದು ಕೋಣೆಯಿಂದ ಕೋಣೆಗೆ ನಡೆದಳು. ಇದು ಬೆಂಕಿ, ಇದು ನಿಲ್ಲಿಸು, ಇದು ಒಳಗೆ, ಇದರ ಬಾತುಕೋಳಿ ಬಿಟ್ಟರೆ ನೀರು ಎಂದು ಹೇಳುತ್ತ ಹೋದಳು. ಇವನು ಹಿಂದೆಯೇ ಓಡುತ್ತ ಬರೆದುಕೊಂಡ. ಅಕ್ಷರಕ್ಕೊಂದು, ಅರ್ಥಕ್ಕೊಂದು, ಜಾಗಕ್ಕೊಂದು ಕಾಲಂ ಎಳೆಯುವ ಗಡಿಬಿಡಿಯಲ್ಲಿ ಅವನಿಗೆ ಬೇರೇನೂ ಹೊಳೆಯಲಿಲ್ಲ. ಅಕ್ಕನೇ ತಡವಾಯಿತೆಂದು ಹೊರಟಳು. ಕೈಬರಹ ಚೆನ್ನಾಗಿದೆಯೆಂದು ಪರೀಕ್ಷೆಯ ಅಕ್ಷರಗಳನ್ನು ಬೋರ್ಡಿನ ಮೇಲೆ ಬರೆಯಲು ಮ್ಯಾನೇಜರ್ ಆಕೆಯನ್ನೂ ಬರಹೇಳಿದ್ದರು.

ಪಟ್ಟಿ ಮುಗಿದಾಗ ಮೂರೂಕಾಲು. ಪಟ್ಟಿ ಬಲು ಅಂದವಾಗಿತ್ತು. ಓದಲು ಮಾತ್ರ ಹೊತ್ತಿರಲಿಲ್ಲ. ಯೋಜನೆಯ ದಪ್ಪ ಫೈಲನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಕಾರ್ಖಾನೆಗೆ ಓಡಿದ.

ಯಂತ್ರದ ಕೋಣೆಯಲ್ಲಿ ಮ್ಯಾನೇಜರ್ ಒಂದು ಸ್ಟೂಲಿನ ಮೇಲೆ ಕೂತಿದ್ದರು. ಹೊಸ ಕುರ್ಚಿ ಖಾಲಿಯಿತ್ತು. ಮಿಲಿಗ್ರಾಂ ಅದರ ಕಡೆ ನೋಡದಿರಲು ಪ್ರಯತ್ನಪಟ್ಟ. ಮ್ಯಾನೇಜರ್ ಯಂತ್ರದ ಕಂಪನಿ ಕಳಿಸಿದ ಅಕ್ಷರಗಳ ಹಾಳೆಯನ್ನು ಅಕ್ಕನಿಗೆ ಕೊಟ್ಟರು. ಆಕೆ ಅದನ್ನು ಕೈಯಲ್ಲೇ ಅರ್ಧ ಸುತ್ತು ತಿರುಗಿಸಿಕೊಂಡು ಬರೆಯತೊಡಗಿದಳು.

ಮೊದಲ ಅಕ್ಷರದಲ್ಲಿ ಮನುಷ್ಯನೊಬ್ಬ ಮರದ ಪಕ್ಕ ನಿಂತಿದ್ದ. “ವಿಶ್ರಾಂತಿ ಸಾರ್” ಎಂದ ಮಿಲಿಗ್ರಾಂ, ಎದೆ ತುಂಬಿ. ಮ್ಯಾನೇಜರ್ ತಲೆಯಾಡಿಸಿದರು.

ಎರಡನೆಯದು ಬರೀ ಮರ. ಎಲೆಯಿಲ್ಲದ ಮರವನ್ನು ಅವನು ಗುರುತಿಸಲಿಲ್ಲ. ಸೂರ್ಯನಿಲ್ಲದ ಬೆಟ್ಟವೂ ಹಾಗೆಯೇ ಹೋಯಿತು. ಬಾತುಕೋಳಿಯಿಲ್ಲದ ನೀರನ್ನು ಕಂಡು ಯಾರೋ ಕೈಕಾಲು ಚೆಲ್ಲಿ ಬಿದ್ದಿದ್ದಾರೆ ಎಂದ. ಆಮೇಲಿನದರಲ್ಲಿ ಕೆಳಗೊಂದು ಮಣ್ಣಿನ ಗುಡ್ಡೆ, ಅದರ ಮೇಲೆ ಆಚೆಗೊಬ್ಬ ಈಚೆಗೊಬ್ಬ ಮನುಷ್ಯ.

“ಇದು... ಜಾಗಕ್ಕೆ ಇಬ್ರು ಜಗಳ ಆಡ್ತಿದಾರೆ ಸಾರ್.”

ಮ್ಯಾನೇಜರ್ ಉತ್ತರದ ಪಟ್ಟಿ ಮಡಿಸಿದರು. ಇಪ್ಪತ್ತು ಕೇಳಬೇಕೆಂದಿದ್ದವರು ಐದಕ್ಕೇ ನಿಲ್ಲಿಸಿದರು. ಸ್ವಲ್ಪ ಹೊತ್ತು ಬೋರ್ಡನ್ನೂ ಹಾಳೆಯನ್ನೂ ನೋಡಿ, ಏನೋ ನೆನಪಾದವರಂತೆ ಅಕ್ಕನ ಕಡೆ ತಿರುಗಿದರು. “ಅಲ್ಲಮ್ಮ, ನಾನು ಹಾಳೆ ತಲೆಕೆಳಗಾಗಿ ಕೊಟ್ಟಿದ್ದೆ ಅಲ್ವಾ? ನಿಮಗೆ ಹೇಗೆ ಗೊತ್ತಾಯ್ತು?”

“ಮರಗಳೆಲ್ಲ ತಲೆಕೆಳಗಾಗಿ ನಿಂತಿದ್ವು ಸಾರ್.”

“ಹಾಗಾದ್ರೆ ಇದೇನು?” ಅವರು ಗುಡ್ಡೆಯ ಮೇಲಿನ ಇಬ್ಬರನ್ನು ತೋರಿಸಿದರು.

“ಕೂತ್ಕೊಳ್ಳೋದು ಸಾರ್. ಜಗಳ ಏನಿಲ್ಲ, ಪಾಪ, ಸುಮ್ನೆ ಕೂತಿದಾರೆ.”

ಮ್ಯಾನೇಜರ್ ನೂರನ್ನೂ ಕೇಳಿದರು. ಆಕೆ ನೂರನ್ನೂ ಹೇಳಿದಳು. ಎಲ್ಲಿ ಕಲಿತಿರೆಂದು ಕೇಳಿದ್ದಕ್ಕೆ, ಕಲಿಯಲಿಲ್ಲ ಸಾರ್, ಅಣ್ಣ ಆರು ಸಲ ಬರೆಸಿದರು ಎಂದಳು. ಮಿಲಿಗ್ರಾಂಗೆ ಮಧ್ಯಾಹ್ನದ ಬೆಂಕಿ, ನಿಲ್ಲಿಸು, ಒಳಗೆ ಎಲ್ಲವೂ ಆಗ ಒಟ್ಟಿಗೆ ಕಿವಿಯಲ್ಲಿ ಮೊಳಗಿದವು. ಮ್ಯಾನೇಜರ್ ಎದ್ದು ಹೊಸ ಕುರ್ಚಿಯ ಪ್ಲಾಸ್ಟಿಕ್ ಹೊದಿಕೆಯನ್ನು ತಾವೇ ಹರಿದು ಅಕ್ಕನನ್ನು ಕೂರಿಸಿದರು. ಕುರ್ಚಿ ಒಂದಿಷ್ಟೂ ಕಿರುಗುಟ್ಟಲಿಲ್ಲ.

ಮಿಲಿಗ್ರಾಂ ಫೈಲೆತ್ತಿಕೊಂಡು ಬಾಗಿಲ ಕಡೆ ಹೊರಟ. ಮ್ಯಾನೇಜರ್ ಕರೆದರು. ಫೈಲು ಈಸಿಕೊಂಡು ಸ್ಟೂಲಿನ ಮೇಲೆ ಕೂತು ಪುಟ ತಿರುವಿದಂತೆಲ್ಲ ಅವರ ಮುಖ ಅರಳುತ್ತ ಹೋಯಿತು.

“ಇದೆಲ್ಲ ನೀವೇ ಮಾಡಿದ್ದಾ? ಒಬ್ರ ಮೇಲೆ ಪ್ರಯೋಗ, ನೂರಕ್ಕೆ ನೂರು ಫಲಿತಾಂಶ. ಮುಂದಿನ ತಿಂಗಳು ಇನ್ನೆರಡು ಯಂತ್ರ ಬರ್ತಿವೆ. ಇಪ್ಪತ್ತು ಜನಕ್ಕೆ ನೀವೇ ಪಾಠ ಮಾಡಿ. ದಿನಾ ಕೆಲಸ ಮುಗಿದ ಮೇಲೆ ಒಂದು ಗಂಟೆ. ಅವರಿಗೆಲ್ಲ ಇಂಥದ್ದೇ ಕುರ್ಚಿ ಹಾಕಿಸ್ತೀನಿ.”

ಮಿಲಿಗ್ರಾಂ ಮನಸ್ಸಿನಲ್ಲೇ ಲೆಕ್ಕ ಹಾಕಿದ. ನಿಲ್ಲುವುದು ಎಂಟು ಗಂಟೆಯಿತ್ತು, ಇನ್ನು ಒಂಬತ್ತು. “ನನಗೂ ಒಂದು ಕುರ್ಚಿ...” ಎಂದ.

“ನಿಮಗ್ಯಾಕ್ರೀ? ಮೇಷ್ಟ್ರು ಕೂತ್ರೆ ಬೋರ್ಡ್ ಹತ್ರ ಯಾರು ನಿಲ್ತಾರೆ?”

ಮಿಲಿಗ್ರಾಂ ಬೋರ್ಡಿನ ಕಡೆ ನೋಡಿದ. ಗುಡ್ಡೆಯ ಆಚೆಗೊಬ್ಬ, ಈಚೆಗೊಬ್ಬ. ಬೋರ್ಡಿನ ಮುಂದೆ ಒಂದು ಕಡೆ ಮ್ಯಾನೇಜರ್, ಇನ್ನೊಂದು ಕಡೆ ಲೇಬಲ್ ಅಕ್ಕ. ಆ ಅಕ್ಷರದಲ್ಲಿ ಮೂರನೆಯವನಿಗೆ ಎಲ್ಲಾದರೂ ಜಾಗವಿದೆಯೇ ಎಂದು ಅವನು ಬಲು ಹೊತ್ತು, ಕಣ್ಣಿನ ನೇರಕ್ಕೆ ಬರುವಂತೆ ತಲೆ ಬಗ್ಗಿಸಿ, ಹುಡುಕಿದ. ಆಮೇಲೆ ಆ ಅಕ್ಷರ ಅವನಿಗೆ ಎಂದೂ ಮರೆಯಲಿಲ್ಲ.