ಮಾವನ ಗಾಜಿನ ಡ್ಯಾಮು

ಒಂದು ಲೋಟ ನೀರನ್ನೂ ನಂಬದ ಮನುಷ್ಯನನ್ನು ನೀವು ನೋಡಿದ್ದೀರಾ? ನಮ್ಮ ಸೋದರಮಾವನ ಮನೆಗೆ ಬನ್ನಿ, ತೋರಿಸುತ್ತೇನೆ. ಮೂವತ್ತು ವರ್ಷ ತುಂಗಭದ್ರೆಯ ಟಿ.ಬಿ. ಡ್ಯಾಮಿನ ಗೇಟಿನ ಮೇಲೆ ದುಡಿದು ರಿಟೈರಾದ ಈ ಪುಣ್ಯಾತ್ಮ, ಕುಡಿಯಲು ನೀರು ಕೊಟ್ಟರೆ ಮೊದಲು ಲೋಟದ ತಳ ಸವರಿ ನೋಡುತ್ತಾರೆ, ಎಲ್ಲಾದರೂ ಸೋರುತ್ತಿದೆಯೇನೋ ಅಂತ! ಇಂಥವರು ಹೋದ ಬೇಸಿಗೆಯಲ್ಲಿ, ಹೊಸಪೇಟೆಯ ತಮ್ಮ ಪಡಸಾಲೆಯಲ್ಲಿ ಎಂಟಡಿ ಉದ್ದದ ಗಾಜಿನ ಮೀನಿನ ತೊಟ್ಟಿ ಕಟ್ಟುತ್ತೇನೆ ಅಂದಾಗ ನಾನು ಮೊದಲು ನನ್ನ ಮನೆಯ ಕಡೆ ನೋಡಿದೆ. ಯಾಕೆಂದರೆ ನನ್ನ ಮನೆ ಅವರ ಮನೆಯ ಹಿಂದೆಯೇ ಇದೆ, ಎರಡಡಿ ತಗ್ಗಿನಲ್ಲಿ.

ಇದಕ್ಕೆಲ್ಲ ಕಾರಣ ನಮ್ಮತ್ತೆ. ಪ್ರತಿ ಸೋಮವಾರ ಹಂಪಿಗೆ ಹೋಗಿ, ಹೊಳೆಯ ಮೆಟ್ಟಿಲಿಳಿದು, ಮೀನಿಗೆ ಮಂಡಕ್ಕಿ ಹಾಕಿ ಬರುವುದು ಮದುವೆಯಾದಾಗಿನಿಂದ ಅವರ ನೇಮ. ಅದರ ಹಿಂದಿನ ವರ್ಷ ಅದೇ ಮೆಟ್ಟಿಲಲ್ಲಿ ಜಾರಿ ಬಿದ್ದು ಮೊಣಕಾಲಿನ ಆಪರೇಷನ್ ಆಯಿತು. ಡಾಕ್ಟರು ಮೆಟ್ಟಿಲು ಬೇಡ ಅಂದರು. ಮಾವ ಹೊಳೆಯೇ ಬೇಡ ಅಂದರು. ಅತ್ತೆ ಜಗಳ ಮಾಡಲಿಲ್ಲ. ಮಾಡಿದ್ದರೆ ಎಷ್ಟೋ ಚೆನ್ನಾಗಿತ್ತು! ಮಾತಿಗೊಮ್ಮೆ ನಗುತ್ತಿದ್ದ ಹೆಂಗಸು ನಗುವುದನ್ನೇ ಬಿಟ್ಟರು. ಸೋಮವಾರ ಬಂತೆಂದರೆ ಮಂಡಕ್ಕಿ ಚೀಲ ತೊಡೆಯ ಮೇಲಿಟ್ಟುಕೊಂಡು ಸುಮ್ಮನೆ ಕೂರುತ್ತಿದ್ದರು.

ಕೊನೆಗೊಂದು ದಿನ ಮಾವ ತಡೆಯಲಾರದೆ, "ಶ್ರಾವಣದ ಮೊದಲ್ನೇ ಸೋಮವಾರ ಹೊಳಿನ ಮನಿಗೆ ತರ್ತೀನಿ, ನೋಡುವಂತಿ," ಅಂತ ಮಾತು ಕೊಟ್ಟುಬಿಟ್ಟರು.

"ಲಿಂಗ ಕಟ್ಟಿದ ಮನ್ಯಾಗ ಮೀನಂತ!" ಎಂದು ಓಣಿಯವರು ಹೌಹಾರಿದರು.

"ತಿನ್ನಾಕಲ್ರೀ, ತಿನ್ನಿಸಾಕ!" ಅಂದರು ಮಾವ.

"ಸಣ್ಣದೊಂದು ಸಾಲದೇನ್ರಿ ಮಾವಾ?" ಅಂತ ನನ್ನ ಮನೆಯ ಹಿತದೃಷ್ಟಿಯಿಂದ ಕೇಳಿದೆ.

"ಹೊಳಿ ಮೀನು ಬೆಳೀತಾವಲೇ. ನೀರಿನ ಒತ್ತಡ ಎತ್ತರದಾಗ ಇರ್ತೈತಿ, ಉದ್ದದಾಗಲ್ಲ. ಎತ್ತರ ಮಾತ್ರ ಎರಡಡಿ ದಾಟಬಾರ್ದು."

ಅಗಲ ಎರಡೂವರೆ ಅಡಿ. ಲೆಕ್ಕ ಹಾಕಿದರೆ ಸಾವಿರದ ನೂರು ಲೀಟರು! ಕಂಪ್ಲಿಯ ಅಕ್ಕಿ ಗಿರಣಿ ಮನೆತನದ ಅತ್ತೆ ಕೂತಲ್ಲಿಂದಲೇ, "ಅಂದ್ರ ಹದಿನೈದು ಮೂಟಿ ಅಕ್ಕಿ ತೂಕ. ಪಡಸಾಲಿ ತಡೀತೈತೇನ್ರೀ?" ಅಂದರು. ಮಾವ ಮರುದಿನವೇ ನೆಲದ ಬಂಡೆ ಎಬ್ಬಿಸಿ ಕಾಂಕ್ರೀಟ್ ಹಾಕಿಸಿದರು. ಸಂಡೂರಿನಲ್ಲಿ ಅದಿರಿನ ಲಾರಿ ರಿಪೇರಿ ಮಾಡುವ ವೆಲ್ಡರನ್ನು ಹಿಡಿದು ಕಬ್ಬಿಣದ ಸ್ಟ್ಯಾಂಡ್ ಮಾಡಿಸಿದರು. ಅದರ ಮೇಲೆ ಮೀನೇಕೆ, ಟಿಪ್ಪರನ್ನೇ ನಿಲ್ಲಿಸಬಹುದಿತ್ತು!

ಇಷ್ಟು ಹುಷಾರಿನ ಮನುಷ್ಯ ಎಡವಿದ್ದು ಎಲ್ಲಿ ಅಂತೀರಿ? ಗೇಟಿನಲ್ಲಿ! ಬಳ್ಳಾರಿಯಿಂದ ಟಫನ್ಡ್ ಗಾಜು ಬಂದಿಳಿಯಿತು. ಭಾಳ ಗಟ್ಟಿ, ಆದರೆ ಆಮೇಲೆ ಕೊರೆಯುವಂತಿಲ್ಲ ಎಂದು ಅಂಗಡಿಯವರು ಹೇಳಿಯೇ ಕಳಿಸಿದ್ದರು. ಮಾವ ಅದನ್ನು ಹಿಂದೆ ಮುಂದೆ ನೋಡಿ, "ಗೇಟಿಲ್ಲದ ಡ್ಯಾಂ ಎಲ್ಯರ ಇರ್ತೈತೇನು?" ಎನ್ನುತ್ತಾ ನೀರು ಬಿಡುವ ತೂತಿಗೆಂದು ಮೂಲೆಗೆ ಡ್ರಿಲ್ ಹಚ್ಚಿದರು. ಢಬ್! ಎಂಟಡಿ ಗಾಜು ಕಣ್ಣು ಮಿಟುಕಿಸುವಷ್ಟರಲ್ಲಿ ಕಲ್ಲುಸಕ್ಕರೆಯ ರಾಶಿ! ಕನ್ನಡಕ, ಕೈಗವಸು, ಬೂಟು ಎಲ್ಲ ತೊಟ್ಟಿದ್ದ ಮಾವನಿಗೆ ಒಂದು ಗೀರೂ ಆಗಲಿಲ್ಲ. ಬಾಗಿಲಲ್ಲಿ ನಿಂತಿದ್ದ ನಾನು ಮಾತ್ರ ಕೈಯಲ್ಲಿದ್ದ ಮಿರ್ಚಿ ಸಮೇತ ಅಂಗಳಕ್ಕೆ ಹಾರಿದ್ದೆ.

ಒಳಗಿನಿಂದ ಅತ್ತೆಯ ದನಿ ಬಂತು: "ನೀರ ತಗ್ಯಾಕ ಒಂದು ಪೈಪ್ ಇಳಿಬಿಟ್ಟು ಬಾಯಿಲೆ ಎಳದ್ರ ಆತಿಲ್ರೀ?"

ಮೂವತ್ತು ವರ್ಷದ ಗೇಟಿನ ಸರ್ವಿಸು ಎರಡು ಗಜ ಪೈಪಿನ ಮುಂದೆ ತಲೆ ತಗ್ಗಿಸಿತು.

ಎರಡನೆಯ ಸಲ ದಪ್ಪನೆಯ ಸಾದಾ ಗಾಜು ಬಂತು. ಅಂಚು ಉಜ್ಜಿ, ಒರೆಸಿ, ಸಿಲಿಕಾನ್ ಅಂಟು ಹಚ್ಚಿ, ಹತ್ತು ದಿನ ಒಣಗಲು ಬಿಟ್ಟರು. ಆ ಹತ್ತು ದಿನ ಮನೆಯಲ್ಲಿ ಮಿಕ್ಸಿ ತಿರುಗುವಂತಿಲ್ಲ, ಬಾಗಿಲು ಬಡಿಯುವಂತಿಲ್ಲ. ನಾನು ಸೀನಬೇಕಾದರೆ ನನ್ನ ಮನೆಗೆ ಬಂದು ಸೀನಬೇಕು! ಅಂಟಿನ ಹುಳಿ ವಾಸನೆಗೆ ಅತ್ತೆ ಮಜ್ಜಿಗೆ ಕೆಟ್ಟಿತೆಂದು ಎರಡು ಸಲ ಚೆಲ್ಲಿದರು.

ಇನ್ನು ನೀರಿನ ಪರೀಕ್ಷೆ. ಹಿಂದಿನ ಸಂಜೆ ನನ್ನ ಬಾಗಿಲಿಗೆ ಒಂದು ಚೀಟಿ ಅಂಟಿತ್ತು. "ತಗ್ಗಿನ ಮನೆಯವರ ಗಮನಕ್ಕೆ. ನಾಳೆಯಿಂದ ನೀರು ತುಂಬಿಸಲಾಗುವುದು. ಜನ, ಜಾನುವಾರು ಎಚ್ಚರದಿಂದಿರತಕ್ಕದ್ದು." ಡ್ಯಾಮಿನಿಂದ ಹೊಳೆಯ ದಂಡೆಯ ಊರುಗಳಿಗೆ ಹೋಗುವಂಥ ಎಚ್ಚರಿಕೆ, ನನ್ನೊಬ್ಬನ ಮನೆಗೆ! "ನಮ್ಮನ್ಯಾಗ ಜಾನುವಾರು ಅಂದ್ರ ನೀವೊಬ್ರ," ಅಂದಳು ನನ್ನ ಹೆಂಡತಿ. ಆದರೂ ಫ್ರಿಜ್ಜನ್ನು ಇಟ್ಟಿಗೆಗಳ ಮೇಲೆ ಏರಿಸಿದವಳು ಅವಳೇ.

ದಿನಕ್ಕೆ ಮೂರೇ ಇಂಚು ನೀರು. ಅದಕ್ಕೊಂದು ರಿಜಿಸ್ಟರು! ದಿನ, ನೀರಿನ ಮಟ್ಟ, ಸೋರಿಕೆ, ಷರಾ. ಕೊನೆಗೆ ತಗ್ಗಿನವರ ಸಹಿ. "ಸಹಿ ಹಾಕಲೇ ಅಳಿಯಾ, ನಾಳೆ ನನಗ ಹೇಳಿಲ್ಲ ಅನಬ್ಯಾಡ," ಎಂದು ದಿನಾ ಸಂಜೆ ಮುಂದೆ ಹಿಡಿಯುತ್ತಿದ್ದರು. ನಾನು ಓದದೆ ಗೀಚುತ್ತಿದ್ದೆ. ಯಾರು ಓದುತ್ತಾರೆ ಅದನ್ನೆಲ್ಲ?

ಏಳನೆಯ ದಿನ ಮಧ್ಯಾಹ್ನ ಊಟಕ್ಕೆ ಕೂತಿದ್ದೆ. ಹಿತ್ತಲ ಬಾಗಿಲಿಂದ ನೀರು ಗಳಗಳ ಒಳಗೆ ಬಂತು! "ಅಯ್ಯಯ್ಯೋ, ಒಡೀತಲೇ ಡ್ಯಾಂ!" ಎಂದು ಎಂಜಲುಗೈಯಲ್ಲೇ ಓಡಿದೆ. ಮಾವ ಸ್ಟೂಲಿನ ಮೇಲೆ ಕೂತು ತೊಟ್ಟಿಯ ಅಂಚುಗಳಿಗೆ ಒಣ ಕಾಗದ ಒತ್ತಿ ನೋಡುತ್ತಿದ್ದರು. ಒಂದು ಹನಿ ಸೋರಿರಲಿಲ್ಲ! ತೊಟ್ಟಿ ಕಾಯುವ ಭರದಲ್ಲಿ ಮಾವ ಮೋಟರ್ ಆರಿಸುವುದು ಮರೆತಿದ್ದರಿಂದ ಮಾಳಿಗೆಯ ಮೇಲಿನ ಟ್ಯಾಂಕು ತುಂಬಿ ಹರಿಯುತ್ತಿತ್ತು.

"ಅದಕ್ಕ ನೋಟೀಸ್ ಕೊಟ್ಟಿದ್ದಿಲ್ಲೇನು?" ಅಂದರು ಮಾವ.

ಪರೀಕ್ಷೆಯ ನೀರು ಪೈಪಿನಿಂದ ತೆಗೆದು, ಹೊಸ ನೀರು ತುಂಬಿಸಿ, ಹೊಳೆ ಮೀನಿನ ಮರಿ ಬಿಟ್ಟದ್ದಾಯಿತು. ಶ್ರಾವಣದ ಮೊದಲ ಸೋಮವಾರವೂ ಬಂತು. ಅತ್ತೆ ಮಾತ್ರ ಒಳಕೋಣೆ ಬಿಟ್ಟು ಏಳಲಿಲ್ಲ.

"ಗಾಜಿನ ಪೆಟ್ಟಿಗ್ಯಾಗ ಹೊಳಿ ಇರ್ತೈತೇನು? ನಾ ಬರಂಗಿಲ್ಲ."

ಮಾವ ಬಾಗಿಲಲ್ಲಿ ನಿಂತರು. ಅವರ ಮುಖ ನೋಡಿ ನನಗೆ ಗಾಬರಿಯಾಯಿತು.

"ನೀ ಬಿದ್ದ ದಿನ ನಾ ಮ್ಯಾಲ ಚಪ್ಪಲಿ ಕಾಯ್ತಾ ನಿಂತಿದ್ನಲ್ಲ. ನೀರಂದ್ರ ಹೆದರಿಕಿ ನನಗ, ಇಳೀಲಿಲ್ಲ. ಇಳಿದಿದ್ರ ನೀ ಬೀಳ್ತಿದ್ದಿಲ್ಲ," ಅಂದರು. "ಇಲ್ಲಿ ಕೈ ಹಿಡ್ಕೋತೀನಿ, ಬಾ."

ಅತ್ತೆ ಅವರನ್ನು ಒಂದು ಗಳಿಗೆ ನೋಡಿ, ಕೈ ಚಾಚಿದರು. ಕುಂಟುತ್ತಾ ಬಂದು, ಮೇಲಿನಿಂದ ಒಂದು ಹಿಡಿ ಮಂಡಕ್ಕಿ ಹಾಕಿದರು. ಇಪ್ಪತ್ತು ಪುಟ್ಟ ಬಾಯಿಗಳು ಒಟ್ಟಿಗೇ ಮೇಲಕ್ಕೆ ಬಂದವು.

"ಅಯ್ಯ, ಎಷ್ಟು ಹಸ್ದಾವ್ರೀ ಇವು! ಉಪಾಸ ಕೆಡವಿದ್ರೇನು?" ಎಂದು ಅತ್ತೆ ನಕ್ಕರು. ಆ ನಗು ಕೇಳಿ ವರ್ಷದ ಮೇಲಾಗಿತ್ತು.

ಮಾವ ಗೋಡೆಯ ಕಡೆ ತಿರುಗಿ ಏನೋ ಬರೆದು, ರಿಜಿಸ್ಟರನ್ನು ನನ್ನ ಕೈಗೆ ತುರುಕಿದರು. ಯಾಕೋ ಅಂದು ಮೊದಲ ಸಲ ಓದಿದೆ. ಪ್ರತಿ ದಿನದ ಷರಾದಲ್ಲೂ ಒಂದೇ ಮಾತು: "ಆಕಿ ಇವತ್ತೂ ನಗಲಿಲ್ಲ." "ಇವತ್ತೂ ನಗಲಿಲ್ಲ." ಅವೆಲ್ಲದರ ಮುಂದೆಯೂ ನನ್ನ ಸಹಿ!

ಕೊನೆಯ ಸಾಲಿನ ಶಾಯಿ ಇನ್ನೂ ಹಸಿಯಿತ್ತು. "ನೀರಿನ ಮಟ್ಟ ಇಪ್ಪತ್ತೊಂದು ಇಂಚು. ಸೋರಿಕೆ ಇಲ್ಲ. ನಕ್ಕಳು."

ಸಹಿ ಹಾಕಿದೆ. ಕಣ್ಣು ಮಂಜಾಗಿತ್ತು, ಅದೊಂದು ಸಹಿ ಗೆರೆಯ ಮೇಲೆ ಕೂತಿಲ್ಲ.