ಗಂಟಲು ಅಯ್ಯನವರದ್ದು, ಸೇವೆ ಎಲ್ಲರದ್ದು

ಸಭೆ ಅಂದ್ಮೇಲೆ ಇಂಥವು ತಪ್ಪಿದ್ದಲ್ಲ, ಭಾನುವಾರ ಬಂದ ಹಾಗೆ ಬರ್ತಾನೇ ಇರ್ತವೆ. ಜಯನಗರ ಆಗಿನ್ನೂ ಅರ್ಧ ಮನೆ, ಅರ್ಧ ಖಾಲಿ ಸೈಟು. ಅಲ್ಲಿನ ಪುಟ್ಟ ಕ್ರೈಸ್ತ ಸಭೆಗೆ ನಮ್ಮ ಯಜಮಾನರು ಪಾಲಕರು, ಅಂದ್ರೆ ಪಾದ್ರಿಗಳು. ಎಲ್ಲರ ಬಾಯಲ್ಲೂ ಅವರು ‘ಅಯ್ಯನವರು’, ನಾನು ‘ಅಮ್ಮನವರು’. ಭಾನುವಾರ ಉಪದೇಶ ಮಾಡೋ ಪ್ರಸಂಗ, ಮದುವೆ, ಮಣ್ಣು, ಗಂಡಹೆಂಡಿರ ಜಗಳ, ಕೊನೆಗೆ ಗಂಟೆ ಹೊಡೆಯೋದೂ ಅವರೊಬ್ಬರ ತಲೆ ಮೇಲೆ. ಮಾತಾಡಿ ಮಾತಾಡಿ ಒಂದು ದಿನ ಗಂಟಲು ಕೈಕೊಡ್ತು. “ಒಂದು ತಿಂಗಳು ಬಾಯಿ ಬಿಡೋ ಹಾಗಿಲ್ಲ. ಪಿಸುಮಾತೂ ಕೂಡದು. ಮಾತಾಡಿದರೆ ಧ್ವನಿ ಪೂರ್ತಿ ಹೋಗುತ್ತೆ” ಅಂದ್ರು ಡಾಕ್ಟರು. ಧ್ವನಿ ಇಲ್ಲದ ಪಾಲಕರನ್ನ ಯಾವ ಸಭೆ ಇಟ್ಕೊಳ್ಳುತ್ತೆ? ಸಭೆಯ ಹಿರಿಯರು ಮಾತ್ರ, “ಚಿಂತೆ ಬಿಡಿ, ಸೇವೆ ಎಲ್ಲರದ್ದು” ಅಂದ್ರು.

೧. ಕೆಲಸ ಹಂಚಿದ್ದು

ಹಂಚೋಕೆ ಹಿರಿಯರ ಕಮಿಟಿ ನಮ್ಮನೇಲೇ ಸೇರ್ತು. ನನ್ನ ಉಪ್ಪಿಟ್ಟು ಖಾಲಿಯಾಗೋ ತನಕ ಒಬ್ಬರೂ ಕೆಲಸದ ಮಾತೆತ್ತಲಿಲ್ಲ. ಆಮೇಲೆ ಶುರುವಾಯ್ತು. ಗಂಟೆ ಹೊಡೆಯೋಕೆ ಒಬ್ಬರಿಗೆ ಭುಜ ನೋವು. ಇನ್ನೊಬ್ಬರಿಗೆ ಬೆಳಗ್ಗೆ ಬೇಗ ಏಳೋಕಾಗಲ್ಲ. ಪ್ರಸಂಗ ಅಂದ್ರೆ ಮಾತ್ರ ಎಲ್ಲರೂ ಕೈ ಎತ್ತಿದ್ರು!

ತಡೀಲಾರದೆ ಕೇಳಿದೆ: “ಎಲ್ಲರದ್ದೂ ಅಂದ್ರಲ್ಲ, ಹೆಂಗಸರಿಗೇನು?”

ಕಮಿಟಿಗೆಲ್ಲ ಮುಖ್ಯಸ್ಥರಾದ ದೊಡ್ಡ ಹಿರಿಯರು ಲೋಟ ಮುಂದೆ ಚಾಚಿ, “ಕಾಫಿ ಇದೆಯಲ್ಲ, ಅಮ್ಮನವರೇ” ಅಂದ್ರು.

ನನಗೆ ಮೈಯೆಲ್ಲ ಉರಿದುಹೋಯ್ತು. ಅಂತೂ, ಅಯ್ಯನವರು ಮಾತೇ ಆಡಬಾರದು ಅಂತ ಒಮ್ಮತದಿಂದ ತೀರ್ಮಾನ ಮಾಡಿ, ದೊಡ್ಡ ಹಿರಿಯರು ಕಣ್ಣು ಮುಚ್ಚಿ ಹೇಳಿದ್ರು: “ಸರಿ ಅಯ್ಯನವರೇ, ಒಂದು ಪ್ರಾರ್ಥನೆ ಮಾಡಿ ಮುಗಿಸಿಬಿಡಿ.”

೨. ರೋಗಿ ಭೇಟಿ

ವಸಂತಪುರದಲ್ಲಿ ನಮ್ಮ ಸಭೆಯ ಒಬ್ಬ ಅಜ್ಜಿ ಜ್ವರದಲ್ಲಿ ಮಲಗಿದ್ದರು. ದೊಡ್ಡ ಹಿರಿಯರೇ ಸೈಕಲ್ ಹತ್ತಿ ಹೊರಟರು. ಹೋದವರು ಅಜ್ಜಿ ಪಕ್ಕ ಕೂತು ತಮ್ಮ ಮಂಡಿ ನೋವು, ಹೊಟ್ಟೆ ಉಬ್ಬರ, ತಲೆಸುತ್ತು ಒಂದೂ ಬಿಡದೆ ಹೇಳಿಕೊಂಡರಂತೆ. ಪಾಪ, ಅಜ್ಜಿಗೆ ಅದನ್ನ ಕೇಳ್ತಾ ಮಲಗಿರೋಕಾಗಲಿಲ್ಲ. ಎದ್ದು, ಶುಂಠಿ ಜಜ್ಜಿ ಕಷಾಯ ಮಾಡಿಕೊಟ್ಟು, ತಲೆ ಮೇಲೆ ಕೈಯಿಟ್ಟು ಪ್ರಾರ್ಥನೆನೂ ಮಾಡಿ ಕಳಿಸಿದ್ದಾರೆ. ನಾಚಿಕೆ ಆದರೂ ಬೇಡವೇ ಈ ಮನುಷ್ಯನಿಗೆ?

ವಾಪಸು ಬಂದು ಎದೆ ಉಬ್ಬಿಸಿ ಹೇಳ್ತಾರೆ: “ಭೇಟಿ ತುಂಬ ಫಲಕಾರಿ ಆಯ್ತು, ಅಮ್ಮನವರೇ. ನನ್ನ ಮಂಡಿ ಎಷ್ಟೋ ವಾಸಿ!”

೩. ಬುದ್ಧಿವಾದ

ಜಗಳ ಬಿಡಿಸೋ ಕೆಲಸ ಮಾತ್ರ ಯಾರೂ ತಗೊಳ್ಳಲಿಲ್ಲ. ಹೀಗಾಗಿ ಈಗಿನ ಬಿ.ಟಿ.ಎಂ. ಕಡೆಯ ತೋಟದಿಂದ ಒಂದು ಜೋಡಿ ನೆಟ್ಟಗೆ ನಮ್ಮ ಜಗಲಿಗೇ ಬಂತು. ಗಂಡ ಹೇಳಿದ್ದಕ್ಕೆ ಅಯ್ಯನವರು ತಲೆ ಆಡಿಸಿದ್ರು. ಹೆಂಡತಿ ಹೇಳಿದ್ದಕ್ಕೂ ಆಡಿಸಿದ್ರು. ಇನ್ನೇನು ಮಾಡ್ತಾರೆ, ಪಾಪ? ಇಬ್ಬರೂ ತಾವೇ ಗೆದ್ದೆವು ಅಂದ್ಕೊಂಡು, ನಗ್ತಾ ಕೈಕೈ ಹಿಡಿದು ಎದ್ದರು.

ಗೇಟಿನ ಹತ್ತಿರ ಗಂಡ ಹೇಳಿದ: “ಅಮ್ಮನವರೇ, ಇಷ್ಟು ವರ್ಷದಲ್ಲಿ ಅಯ್ಯನವರು ಇಂಥಾ ಬುದ್ಧಿವಾದ ಹೇಳಿದ್ದೇ ಇಲ್ಲ!”

೪. ಆಶೀರ್ವಾದ

ಭಾನುವಾರ ಬಂತು. ಒಬ್ಬ ಹಿರಿಯರು ಪ್ರಸಂಗ ಮಾಡಿದರು. ಅದರಲ್ಲಿ ಏನೋ ಬಿಟ್ಟುಹೋಯ್ತು ಅಂತ ಇನ್ನೊಬ್ಬರು ಎದ್ದರು. ಎರಡರ ಸಾರಾಂಶ ಹೇಳ್ತೀನಿ ಅಂತ ದೊಡ್ಡ ಹಿರಿಯರು ಎದ್ದು, ಇಬ್ಬರಿಗಿಂತ ಹೆಚ್ಚು ಹೊತ್ತು ಕೊರೆದರು. ಊಟದ ಹೊತ್ತು ಮೀರಿತು. ಮಕ್ಕಳು ಅಳೋಕೆ ಶುರು ಮಾಡಿದವು.

ಕೊನೆಗೂ ಎಲ್ಲರೂ ತಲೆ ಬಗ್ಗಿಸಿ ಎದ್ದು ನಿಂತೆವು. ನಿಂತೇ ನಿಂತೆವು. ಆರಾಧನೆ ಮುಗಿಯೋವಾಗ ಆಶೀರ್ವಾದ ಕೊಡಬೇಕು, ಅದನ್ನ ದೀಕ್ಷೆ ಆದ ಪಾಲಕರೇ ಕೊಡಬೇಕು, ಅದಿಲ್ಲದೆ ಯಾರೂ ಬಾಗಿಲು ದಾಟಲ್ಲ. ಹಂಚೋವಾಗ ಈ ಮಹಾಶಯರಿಗೆ ಇದು ನೆನಪೇ ಆಗಿಲ್ಲ! ಹಿರಿಯರು ಮುಖ ಮುಖ ನೋಡಿಕೊಂಡರು. ಆಮೇಲೆ ಎಲ್ಲರೂ ಹಿಂದಿನ ಬೆಂಚಲ್ಲಿದ್ದ ಅಯ್ಯನವರ ಕಡೆ ತಿರುಗಿದರು.

“ಎರಡೇ ಎರಡು ಮಾತು, ಅಯ್ಯನವರೇ” ಅಂದ್ರು ದೊಡ್ಡ ಹಿರಿಯರು.

ನಮ್ಮ ಯಜಮಾನರು ಒಂದು ಹೆಜ್ಜೆ ಮುಂದೆ ಬಂದೇಬಿಟ್ಟರು! ಕೈ ಎತ್ತಿದರು, ಬಾಯಿ ತೆರೆದರು. ತಿಂಗಳ ಪಥ್ಯ, ಇರೋ ಒಂದು ಗಂಟಲು, ಎಲ್ಲ ಈ ಸೋಮಾರಿಗಳಿಗಾಗಿ ಮಣ್ಣುಪಾಲು ಆಗೋದರಲ್ಲಿತ್ತು. ನನಗೆ ಎಲ್ಲಿತ್ತೋ ಸಿಟ್ಟು! ಹೆಂಗಸರ ಸಾಲಿಂದಲೇ ಚೀರಿದೆ:

“ಬಾಯಿ ಮುಚ್ಕೊಂಡು ಕೂತ್ಕೊಳ್ರೀ! ನೀವೆಲ್ಲ ಮನೆಗೆ ಹೋಗಿ ಊಟ ಮಾಡಿ! ದೇವರು ಎಲ್ಲರಿಗೂ ಒಳ್ಳೇದು ಮಾಡ್ಲಿ!”

ಚರ್ಚು ನಡುಗೋ ಹಾಗೆ ಸಭೆ ಒಕ್ಕೊರಲಿಂದ “ಆಮೆನ್!” ಅಂತು. ಎಲ್ಲರೂ ಶಾಂತವಾಗಿ ಮನೆಗೆ ಹೊರಟರು. ಅಯ್ಯನವರು ಬಾಯಿ ಮುಚ್ಚಿ, ಕಣ್ಣಲ್ಲಿ ನೀರು ಬರೋ ಹಾಗೆ ನಗ್ತಾ ಕೂತಿದ್ದರು.

ಬಾಗಿಲಲ್ಲಿ, ಜ್ವರ ಬಿಟ್ಟು ಬಂದಿದ್ದ ವಸಂತಪುರದ ಅಜ್ಜಿ ನನ್ನ ಕೈ ಹಿಡಿದುಕೊಂಡರು. “ಆಶೀರ್ವಾದ ಬಹಳ ಚೆನ್ನಾಗಿತ್ತು ಕಣಮ್ಮ. ಮುಂದಿನ ವಾರ ಆ ‘ಬಾಯಿ ಮುಚ್ಕೊಂಡು ಕೂತ್ಕೊಳ್ರೀ’ ಅನ್ನೋದನ್ನ ಮಾತ್ರ ಪ್ರಸಂಗಕ್ಕೆ ಮುಂಚೆ ಹೇಳಿಬಿಡು.”