ಪ್ಯಾರಿಸ್ಸಿನ ನೆಲ ನೋಡಿ ಬಂದವರು

ನೆಲಕ್ಕೆ ಹಾಸುವ ಫರ್ಸಿ ಕಲ್ಲಿನ ವ್ಯಾಪಾರಿಯನ್ನು ಕಟ್ಟಿಕೊಂಡವಳಿಗೆ ಇಂಥ ಪೇಚು ತಪ್ಪಿದ್ದಲ್ಲ. ಶಹಾಬಾದಿನ ನಮ್ಮ ಮನೆಯವರು ಯಾರದೇ ಮದುವೆಗೆ ಹೋದರೂ ಮೊದಲು ನೋಡುವುದು ಮಂಟಪದ ನೆಲ, ಆಮೇಲೆ ಮದುಮಗಳು. ಪ್ಯಾರಿಸ್ ಪ್ರವಾಸದಲ್ಲಾದರೂ ತಲೆ ಎತ್ತಿಯಾರು ಎಂದುಕೊಂಡಿದ್ದೆ. ನನಗೆ ಬೇಕಿದ್ದದ್ದು ಇಬ್ಬರ ಮುಖವೂ ನೆಟ್ಟಗೆ ಕಾಣುವ ಒಂದೇ ಒಂದು ಫೋಟೋ. ಮೂವತ್ತು ವರ್ಷದ ಸಂಸಾರದಲ್ಲಿ ಅಂಥದ್ದು ಒಂದೂ ಇಲ್ಲ. ಸಿಟ್ಟು ಬಾರದೆ ಇನ್ನೇನು?

೧. ಅರಮನೆ

ಚಾವಣಿಯ ತುಂಬ ಚಿನ್ನದ ಬಣ್ಣದ ಚಿತ್ತಾರ. ಗೈಡ್ ಹೇಳಿದಳೆಂದು ನಮ್ಮ ಗುಂಪಿನವರೆಲ್ಲ ಕತ್ತು ನೋಯುವಷ್ಟು ಹೊತ್ತು ಮೇಲೆ ನೋಡಿದರು. ನಮ್ಮವರು ಮಾತ್ರ ಕುಕ್ಕರಗಾಲಲ್ಲಿ ಕುಳಿತು, ಬೆರಳ ಗೆಣ್ಣಿನಿಂದ ನೆಲ ಕುಟ್ಟುತ್ತಿದ್ದರು.

"ಏಳ್ರಿ, ಮಂದಿ ನೋಡ್ಲಿಕತ್ತಾರ," ಎಂದೆ.

"ತಡಿ, ಈ ಕಲ್ಲು ಟೊಳ್ಳ ಸಪ್ಪಳ ಮಾಡ್ತದ. ಕೆಳಗ ಗಚ್ಚು ಬರೋಬರ್ ಹಾಕಿಲ್ಲ."

ಕಾವಲುಗಾರ ಓಡಿ ಬಂದ. ಅವನಿಗೂ ಕುಟ್ಟಿ ತೋರಿಸಿದರು. ಇನ್ನು ಬೈಗುಳ ಖಂಡಿತ ಎಂದು ನಾನು ಕಾದೆ. ಅವನು ಪಕ್ಕದ ಕಲ್ಲನ್ನು ಬೂಟಿನಿಂದ ಕುಟ್ಟಿ ಸಪ್ಪಳ ಕೇಳಿ, ಹೌದೆಂದು ತಲೆಯಾಡಿಸಿದ!

೨. ವಸ್ತುಸಂಗ್ರಹಾಲಯ

ಇಡೀ ಲೋಕವೇ ಮುಗಿಬೀಳುವ ಒಂದು ಚಿತ್ರ ನೋಡಲು ತಾಸುಗಟ್ಟಲೆ ಸಾಲಿನಲ್ಲಿ ನಿಂತೆವು. ಇನ್ನೇನು ಒಳಗೆ ಕಾಲಿಡಬೇಕು, ಇವರು ಬಗ್ಗಿ ಎರಡು ಕಲ್ಲುಗಳ ಸಂದಿಗೆ ಉಗುರು ತೂರಿಸತೊಡಗಿದರು.

"ಉಗುರು ಸೈತ ಹೋಗಂಗಿಲ್ಲ! ಭಾಳ ಛಲೋ ಕೂಡ್ಸ್ಯಾರ."

ಹಿಂದಿದ್ದ ಗಂಡ ಹೆಂಡತಿ, ಯಾವ ದೇಶದವರೋ, ಅವರೂ ಬಗ್ಗಿದರು. ಅವರ ಹಿಂದಿನವರು ನೆಲದ ಫೋಟೋ ಹೊಡೆದರು. ಸುತ್ತ ಗುಂಪು ಸೇರಿತು. ಆ ನೂಕಾಟದಲ್ಲಿ ನಾನು ಸಾಲಿನಿಂದಾಚೆ ಬಿದ್ದೆ. ಕಡೆಗೆ ನಾನು ಆ ಚಿತ್ರವನ್ನು ಕಂಡದ್ದು ಹೊರಗಿನ ಅಂಗಡಿಯಲ್ಲಿ, ಒಂದು ಕೈಚೀಲದ ಮೇಲೆ.

೩. ಚರ್ಚು

ಇಲ್ಲಿ ಮಂಡಿಯೂರಿಯೇ ಬಿಟ್ಟರು, ಕಲ್ಲಿನ ಪದರು ನೋಡಲು. ಯಾರೋ ಅಜ್ಜಿ ಇವರ ಭಕ್ತಿಗೆ ಕರಗಿ, ಹಚ್ಚಿದ ಮೇಣದಬತ್ತಿಯನ್ನು ಕೈಗಿತ್ತಳು. ಈ ಪುಣ್ಯಾತ್ಮ ಅದನ್ನು ನೆಲದ ಹತ್ತಿರ ಹಿಡಿದು, "ಈಗ ಬರೋಬರ್ ಕಾಣ್ತದ ನೋಡು," ಎಂದರು.

೪. ಐಫೆಲ್ ಟವರ್

ಕೊನೆಯ ದಿನ ನಾನೇ ಟೊಂಕ ಕಟ್ಟಿದೆ. ಕಲ್ಲಿಲ್ಲದ ಜಾಗ ಹುಡುಕಿ, ಇವರನ್ನು ಎಳೆದೊಯ್ದು ಹುಲ್ಲಿನ ಮೇಲೆ ನಿಲ್ಲಿಸಿದೆ. ನಮ್ಮ ಗುಂಪಿನಲ್ಲಿದ್ದ ನಾಲವಾರದ ಮಾಸ್ತರರ ಕೈಗೆ ಫೋನ್ ಕೊಟ್ಟೆ.

"ತಲಿ ಎತ್ರಿ. ಈ ಸರ್ತಿ ನೆಲ ನೋಡಿದ್ರ ಊರ ತನಕ ನಿಮ್ಮ ಕೂಡ ಮಾತಾಡಂಗಿಲ್ಲ."

ಎತ್ತಿದರು. ನಕ್ಕರು ಕೂಡ. ಆದರೆ ಬೂಟಿನ ತುದಿಯಿಂದ ಹುಲ್ಲಿನಲ್ಲಿ ಏನನ್ನೋ ಕೆದಕುತ್ತಿದ್ದಾರೆ ಎನಿಸಿತು. ಅದೇನೆಂದು ನೋಡುವಷ್ಟರಲ್ಲಿ ಮಾಸ್ತರರು ಫೋಟೋ ಹೊಡೆದು ಮುಗಿಸಿದ್ದರು.

ಆ ಫೋಟೋವನ್ನು ಇವರೇ ದೊಡ್ಡದು ಮಾಡಿಸಿ, ಮನೆಯಲ್ಲಿ ಬಾಗಿಲಿಗೆ ಎದುರಾಗಿ ತೂಗುಹಾಕಿದ್ದಾರೆ. ಅದರಲ್ಲಿ ಇವರು ನೆಟ್ಟಗೆ ನಿಂತು ಹಲ್ಲು ಕಾಣುವಂತೆ ನಗುತ್ತಿದ್ದಾರೆ. ಪಕ್ಕದಲ್ಲಿ ನಾನು ಹುಬ್ಬು ಗಂಟಿಕ್ಕಿ, ಬಗ್ಗಿ ನೆಲ ನೋಡುತ್ತಿದ್ದೇನೆ. ಬಂದವರಿಗೆಲ್ಲ ಇವರು ಬೆರಳಿಟ್ಟು ತೋರಿಸುತ್ತಾರೆ:

"ಪ್ಯಾರಿಸ್ಸಿಗೆ ಹೋದ್ರೂ ನಮ್ಮಾಕಿ ತಲಿ ಎತ್ತಲಿಲ್ಲ ನೋಡ್ರಿ!"